ಕರಿಹಾಳ ರೋಡಿನ ಎರಡನೇ ಚಹಾ

ಸಾಲೋಟಗಿಯಿಂದ ಸಿಂದಗಿಗೆ ಹೋಗಬೇಕಾದ ಮನುಷ್ಯ ಊರು ದಾಟಿದ್ದೇ ಇಂಡಿ ಪಟ್ಟಣದ ಕಡೆ ಕಾರು ತಿರುಗಿಸಿದರೆ ಪಕ್ಕದಲ್ಲಿ ಕೂತ ಹೆಂಡತಿ ಏನಾದರೂ ಅನ್ನಬೇಕು. ವಿದ್ಯಾವತಿ ಏನೂ ಅನ್ನಲಿಲ್ಲ. ತವರಿನವರು ಉಡಿ ತುಂಬಿದ ಅಕ್ಕಿ, ಕಾಯಿ, ಖಣವನ್ನು ತೊಡೆಯ ಮೇಲೆ ಸರಿಮಾಡಿಕೊಂಡು, ಎ.ಸಿ. ಗಾಳಿ ತನ್ನ ಮೇಲೆ ಬಾರದಂತೆ ತಿರುಗಿಸಿ, ಹೊರಗಿನ ನಿಂಬೆ ತೋಟಗಳನ್ನು ಅವು ಇವತ್ತೇ ಹುಟ್ಟಿಕೊಂಡವೇನೋ ಎಂಬಂತೆ ನೋಡುತ್ತ ಕೂತಳು. ಅನೀಲಕುಮಾರನಿಗೆ ಇಷ್ಟೇ ಸಾಕಾಯಿತು. ದಾರಿ ತಪ್ಪಿದ್ದು ಕಂಡೂ ಕೇಳುವುದಿಲ್ಲವೆಂದರೆ ಯಾಕೆ ತಪ್ಪಿದ್ದೆಂದು ಇವಳಿಗೆ ಗೊತ್ತು; ಅದು ಗೊತ್ತಿದೆಯೆಂದರೆ ಮುದುಕಿ ಅಂದದ್ದು ಖರೆ. ಸಿಂದಗಿಯ ಕೋರ್ಟಿನಲ್ಲಿ ಇಂಥ ಮೌನದ ಎಳೆ ಹಿಡಿದು ಎಷ್ಟು ಸಾಕ್ಷಿಗಳನ್ನು ಬೆವರಿಳಿಸಿದವನು ಅವನು. ಈಗ ತನ್ನದೇ ಹೆಂಡತಿಗೆ ಒಂದು ಪ್ರಶ್ನೆ ಕೇಳಲು ನಾಲಿಗೆ ಏಳುತ್ತಿಲ್ಲ. ಪ್ರಶ್ನೆಯೇನು ದೊಡ್ಡದಲ್ಲ: ನೀನು ನನ್ನನ್ನು ಒಪ್ಪಿ ಬಂದೆಯೋ, ಇಲ್ಲ ನಿನ್ನನ್ನು ನನ್ನ ಮುಂದೆ ನೂಕಿದರೋ? ಅರವತ್ತು ದಾಟಿದ, ಕೂದಲಿಗೆ ಬಣ್ಣ ಹಚ್ಚುವ, ಇಬ್ಬರು ಮಕ್ಕಳ ಮದುವೆ ಮಾಡಿದ ಗಂಡಸು ಕೇಳುವ ಮಾತೇ ಇದು? ಥೂ ಎಂದುಕೊಂಡ. ಕಾರು ಮಾತ್ರ ಇಂಡಿಯ ಕಡೆಗೇ ಓಡುತ್ತಿತ್ತು.

ಆದದ್ದು ಇಷ್ಟು. ವಿದ್ಯಾವತಿಯ ತಮ್ಮನ ಮಗಳ ಕುಬಸ. ಊಟ ಮುಗಿದು ಎಲೆಯಡಿಕೆಯ ತಾಟು ತಿರುಗುತ್ತಿತ್ತು. ಗಂಡಸರು ಪಡಸಾಲೆಯ ಜಮಖಾನೆಯ ಮೇಲೆ ಕಾಲು ಚಾಚಿದ್ದರು, ಹೆಂಗಸರು ಒಳಬಾಗಿಲ ಆಚೆ ಬಸುರಿಯ ಸುತ್ತ ಗುಂಪಾಗಿದ್ದರು. ಎಂದಿನಂತೆ ಯಾರೋ ಒಬ್ಬ, "ಮಾಮಾರ, ಸ್ಟೇಶನ್ ಕಥಿ ಆಗಲ್ರಿ" ಎಂದ. ಅನೀಲಕುಮಾರ ಎಂದಿನಂತೆ ಒಂದೆರಡು ಸಲ ಬೇಡವೆಂದು, ಎಂದಿನಂತೆ ಶುರುಮಾಡಿದ. ಕನ್ಯೆ ನೋಡಲು ಹೋದಾಗ ರೈಲು ಕರಿಹಾಳ ರೋಡ್ ಸ್ಟೇಶನ್ನಿನಲ್ಲಿ ನಿಂತದ್ದು; ಸೋದರಮಾವ ಇನ್ನೂ ಕನ್ನಡಕ ಹುಡುಕುತ್ತಿದ್ದಾಗಲೇ ತಾನು ಕಿಟಕಿಯಿಂದ ಹೊರಗೆ ನೋಡಿದ್ದು; ನಲ್ಲಿಯ ಹತ್ತಿರ ಹಿತ್ತಾಳೆ ಕೊಡ; "ನಾ ಕೊಡ ನೋಡ್ಲಿಲ್ರಿಪಾ, ಕೊಡ ಹಿಡದ ಕೈ ನೋಡಿದೆ, ಇಷ್ಟು ಗಟ್ಟಿ ಹಿಡದಾಕಿ ನನ್ನನ್ನೂ ಬಿಡಾಕಿ ಅಲ್ಲ ಅಂದೆ"; ಮೊದಲನೇ ಚಹಾ ಮುಗಿಯುವ ಮುನ್ನವೇ ಎರಡನೇದು ಹೇಳಿದ್ದು. ಎಲ್ಲಿ ನಿಲ್ಲಬೇಕು, ಎಲ್ಲಿ ಒಳಬಾಗಿಲ ಕಡೆ ಕಣ್ಣು ಹಾಯಿಸಿ ಹೆಂಗಸರನ್ನು ನಗಿಸಬೇಕು ಎಂಬುದೆಲ್ಲ ಪಳಗಿದ ಕಥೆ. ನಗೆಯೂ ಬಂತು. ಅಷ್ಟರಲ್ಲಿ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸಿದ್ದಲಿಂಗವ್ವ, ವಿದ್ಯಾವತಿಯ ದೊಡ್ಡವ್ವ, ಇತ್ತೀಚೆಗೆ ಹಗಲು ಯಾವುದು ರಾತ್ರಿ ಯಾವುದು ಎಂಬ ನೆದರು ತಪ್ಪಿದವಳು, ಕಣ್ಣು ತೆರೆದು ಚೊಕ್ಕಾಗಿ ಮಾತಾಡಿದಳು.

"ಎಲ್ಲಿ ನೋಡಿ ಹಿಡದ್ರಿ ಅಳಿಯಾರ? ನೀವು ನೋಡಾಕ ಬಂದಿದ್ದು ನಮ್ಮ ವಿಜಿನ್ನ. ಆಕಿ ನಾ ಒಲ್ಲೆ ಅಂತ ಹೆಂಗಸರ ಖೋಲ್ಯಾಗ ಹೋಗಿ ಚಿಲಕ ಹಾಕ್ಕೊಂಡ್ಳು. ಗಾಡಿ ಬಂತು. ಬಂದ ಮಂದಿಗೆ ಏನಂತ ತೋರಸೂದು? ಈ ಪೋರಿ ಅಕ್ಕನ ಜೋಡಿ ಬಂದಿತ್ತು, ಇದರ ಕೈಯಾಗ ಕೊಡ ತುರುಕಿ ನಿಂದರಿಸಿದ್ವಿ."

"ಅವ್ವಾ, ಸುಮ್ನ ಕುಂದ್ರ" ಎಂದು ಒಳಗಿನಿಂದ ಎದ್ದುಬಂದವಳು ಆ ವಿಜಿಯೇ, ವಿಜಯಲಕ್ಷ್ಮಿ. ಬಸವನ ಬಾಗೇವಾಡಿಯ ಸಾಲೆಯಲ್ಲಿ ಹೆಡ್ ಮೇಡಂ ಆಗಿ ಈಗ ಪೆನ್ಶನ್ ತಗೊಳ್ಳುವವಳು. "ವಕೀಲರ, ಅವ್ವಗ ಈಗ ನೆನಪು ಸರಿ ಇಲ್ರಿ. ಮನಸಿಗೆ ಹಚ್ಕೋಬ್ಯಾಡ್ರಿ."

ಮನಸ್ಸಿಗೆ ಹಚ್ಚಿಕೊಳ್ಳುವಂಥದ್ದು ಮುದುಕಿಯ ಮಾತಾಗಿರಲಿಲ್ಲ. ಪಡಸಾಲೆಯಲ್ಲಿ ಒಬ್ಬರೂ ಚಕಿತರಾಗಲಿಲ್ಲವಲ್ಲ, ಅದು. "ಹೌದೇನು?" ಎಂದು ಒಂದು ಮುಖವಾದರೂ ಅನ್ನಬೇಕಿತ್ತು. ಎಲ್ಲರೂ ಜಮಖಾನೆಯ ಪಟ್ಟೆ ನೋಡುತ್ತಿದ್ದರು, ಒಬ್ಬ ಸುಣ್ಣದ ಡಬ್ಬಿ ತೆಗೆದು ಮತ್ತೆ ಮುಚ್ಚಿದ, ನಿನ್ನೆ ಮೊನ್ನೆ ಹುಟ್ಟಿದ ಆ ಬಸುರಿ ಹುಡುಗಿ ಕೂಡ ಸೆರಗಿನ ಅಂಚು ಹಿಡಿದುಕೊಂಡು ತಲೆ ತಗ್ಗಿಸಿತ್ತು. ಅಂದರೆ ಎಲ್ಲರಿಗೂ ಗೊತ್ತಿತ್ತು. ಮೂವತ್ತು ವರ್ಷದಿಂದ ಮದುವೆ, ಜಾವಳ, ಮನೆಶಾಂತಿ ಯಾವುದೂ ಬಿಡದೆ ಹೇಳಿದ್ದಾನೆ ಈ ಕಥೆ. ಬೀಗರ ಮುಂದೆ ಹೇಳಿದ್ದಾನೆ, ಒಮ್ಮೆ ಜಡ್ಜ್ ಸಾಹೇಬರನ್ನು ಊಟಕ್ಕೆ ಕರೆದಾಗ ಅವರ ಮುಂದೆಯೂ ಹೇಳಿದ್ದಾನೆ. ಅಷ್ಟು ಸಲವೂ ಇವರು ಕೇಳಿಕೊಂಡು ನಕ್ಕು, ಹೇಳ್ರಿ ಹೇಳ್ರಿ ಎಂದು ಕುಣಿಸಿದ್ದಾರೆ. ಅಯ್ಯೋ, ಇದಕ್ಕಿಂತ ನಡುಬೀದಿಯಲ್ಲಿ ಧೋತರ ಬಿಚ್ಚಿ ಬಿದ್ದಿದ್ದರೂ ಚೆನ್ನಾಗಿತ್ತು ಅನ್ನಿಸಿತು. ಚಪ್ಪಲಿ ಮೆಟ್ಟಿ ಹೊರಟಾಗ ಯಾರೂ ಇನ್ನಷ್ಟು ಹೊತ್ತು ಕೂಡಿರೆಂದು ಒತ್ತಾಯ ಮಾಡಲಿಲ್ಲ.

ಇಂಡಿಯ ಬಸ್‌ಸ್ಟ್ಯಾಂಡಿನ ಗದ್ದಲ ದಾಟಿ ಝಳಕಿಯ ದಾರಿ ಹಿಡಿದಾಗ ವಿದ್ಯಾವತಿ ಬಾಯಿಬಿಟ್ಟಳು. "ಪೆಟ್ರೋಲ್ ಐತಿಲ್ರಿ?" ಅಷ್ಟೇ. ಐತಿ ಎಂದ. ಎಲ್ಲಿಗೆಂದು ಅವನಿಗಾದರೂ ಏನು ಗೊತ್ತಿತ್ತು? ಆ ಸ್ಟೇಶನ್ನನ್ನು ಒಂದು ಸಲ ಕಣ್ಣಿನಿಂದ ನೋಡಿದರೆ ತಾನು ಅಂದು ನೋಡಿದ್ದು ಏನೆಂದು ತಿಳಿದೀತೆಂಬ ಹುಚ್ಚು. ಘಟನಾಸ್ಥಳ ಪರಿಶೀಲನೆ ಎಂದು ತನಗೆ ತಾನೇ ಕುಹಕವಾಡಿಕೊಂಡ.

ಕರಿಹಾಳ ರೋಡಿಗೆ ಊರೆಂಬುದಿಲ್ಲ. ಕರಿಹಾಳ ಇರುವುದು ಎರೆಹೊಲಗಳ ಆಚೆ, ಸ್ಟೇಶನ್ನಿಗೆ ಅದರ ಹೆಸರಷ್ಟೇ ಬಂದಿತ್ತು. ಬ್ರಿಟಿಷರ ಕಾಲದಲ್ಲಿ ಹಳ್ಳದ ದಂಡೆಗೆ ಸಿಹಿನೀರಿನ ಬಾವಿ ಸಿಕ್ಕಿತೆಂದು ಎಂಜಿನ್ನಿಗೆ ನೀರು ಕುಡಿಸಲು ಅಲ್ಲಿ ಗಾಡಿ ನಿಲ್ಲಿಸಿದರಂತೆ. ಗಾಡಿ ನಿಂತಿತೆಂದು ಮಂದಿ ಬಂದರು. ಮಂದಿ ಬಂದರೆಂದು ಕಲ್ಲಿನ ಕಟ್ಟಡ ಎದ್ದಿತು, ಹೆಂಗಸರಿಗೊಂದು ಬೇರೆ ಖೋಲಿ ಬಂತು, ಬಂದಗಿಸಾಬನ ಚಹಾದ ಒಲೆ ಬಂತು. ಸೊಲ್ಲಾಪುರಕ್ಕೆ ಹೋಗುವ ನಿಂಬೆಹಣ್ಣಿನ ಬುಟ್ಟಿಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಕೂತು ಇಡೀ ಸ್ಟೇಶನ್ ಹುಳಿವಾಸನೆ ಹೊಡೆಯುತ್ತಿತ್ತು. ಆದರೆ ಸುತ್ತಲಿನ ಊರುಗಳಲ್ಲಿ ಅದರ ಹೆಸರು ಮೇಲೆ ಬಂದದ್ದು ನಿಂಬೆಗಲ್ಲ, ಕನ್ಯೆ ತೋರಿಸುವುದಕ್ಕೆ. ಮನೆಗೆ ಕರೆದು ತೋರಿಸಿದರೆ, ಬಂದವರು ಒಲ್ಲೆವೆಂದು ಎದ್ದು ಹೋದರೆ, ಓಣಿಗೆಲ್ಲ ಸುದ್ದಿ. ಹುಡುಗಿಗೆ ಇಂಥವರು ನೋಡಿ ಬಿಟ್ಟಾಕಿ ಎಂಬ ಹೆಸರು. ಸ್ಟೇಶನ್ ಯಾರಪ್ಪನ ಊರೂ ಅಲ್ಲ. ಹುಡುಗಿ ಸಿಹಿನೀರಿಗೆಂದು ಕೊಡ ಹಿಡಿದು ನಲ್ಲಿಯ ಹತ್ತಿರ ನಿಲ್ಲಬೇಕು, ಹುಡುಗನ ಕಡೆಯವರು ಎತ್ತಲೋ ಹೊರಟ ಪ್ರವಾಸಿಗಳಂತೆ ರೈಲಿನ ಡಬ್ಬಿಯಲ್ಲೇ ಕೂತು ನೋಡಬೇಕು. ಬೊಟ್ಟು ಮಾಡುವಂತಿಲ್ಲ, ಹೆಸರು ಹಿಡಿಯುವಂತಿಲ್ಲ. ಎಂಜಿನ್ನಿನ ಹೊಟ್ಟೆ ತುಂಬುವವರೆಗೆ ಸಮಯ. ಹುಡುಗ ಒಂದೇ ಚಹಾ ಕುಡಿದು ಗ್ಲಾಸು ಕೊಟ್ಟರೆ ಇಲ್ಲ. ಎರಡನೇ ಚಹಾ ಹೇಳಿದರೆ ಹೌದು. ಹುಡುಗಿಯ ಮನೆಯವರು ಮಾತಿಗೆ ಬರುವುದೇ ಬೇಡ, ಗಾಡಿ ಹೋದಮೇಲೆ ಬಂದಗಿಸಾಬನನ್ನು ಕೇಳಿದರಾಯಿತು. ಅವನು ಎಷ್ಟು ಮನೆಗಳ ಭವಿಷ್ಯ ಹೇಳಿದನೋ, ಹಲ್ಲು ಬಿಟ್ಟು ನಗುವುದು ಬಿಟ್ಟರೆ ಬೇರೆ ಶಕುನ ಅವನಲ್ಲಿರಲಿಲ್ಲ.

ಎಷ್ಟು ನಾಜೂಕಿನ ವ್ಯವಸ್ಥೆ ಎಂದು ಅನೀಲಕುಮಾರ ಇದನ್ನೂ ಕಥೆಯಲ್ಲಿ ಹೊಗಳುತ್ತಿದ್ದ. ಯಾರಿಗೂ ಅವಮಾನವಿಲ್ಲ, ಯಾರೂ ಯಾರನ್ನೂ ಒಲ್ಲೆ ಅಂದಂತಿಲ್ಲ. ಅವನಿಗೆ ಹೊಳೆಯದೇ ಹೋದದ್ದು, ಆ ನಾಜೂಕಿನಲ್ಲಿ ಹುಡುಗಿ ಒಲ್ಲೆ ಅನ್ನುವುದಕ್ಕೆ ಜಾಗವೇ ಇರಲಿಲ್ಲವೆಂಬುದು. ಚಿಲಕ ಹಾಕಿಕೊಂಡ ವಿಜಯಲಕ್ಷ್ಮಿ ಆ ಜಾಗವನ್ನು ತಾನೇ ಮಾಡಿಕೊಂಡಳು. ಯಾಕೆ ಒಲ್ಲೆ ಅಂದಳೋ? ತನ್ನನ್ನು ನೋಡಿ ಅಂದಳೋ, ನೋಡದೆ ಅಂದಳೋ? ಇಷ್ಟು ವರ್ಷ ಹಬ್ಬಹುಣ್ಣಿಮೆಗೆ ಬಡಿಸಿದವಳು, "ವಕೀಲರ, ಇನ್ನೊಂದು ಹೋಳಿಗಿ" ಅಂದವಳು, ಬಡಿಸುವಾಗಲೆಲ್ಲ ಒಳಗೊಳಗೆ ತಪ್ಪಿಸಿಕೊಂಡೆನೆಂದು ದೇವರಿಗೆ ಕೈಮುಗಿದಳೋ ಏನೋ. ಅವಳ ಚಿಂತೆ ಅವನಿಗೆ ನಿಜಕ್ಕೂ ಇರಲಿಲ್ಲ, ತಪ್ಪಿಸಿಕೊಂಡವಳು ತಪ್ಪಿಸಿಕೊಂಡಳು. ಕೊಡ ತುರುಕಿಸಿಕೊಂಡವಳು ಪಕ್ಕದಲ್ಲಿ ಕೂತಿದ್ದಾಳೆ. ಮಗಳು ಹುಟ್ಟುವಾಗ ತನ್ನ ಮುಂಗೈ ಕಚ್ಚಿ ಹಿಡಿದವಳು, ಅಪ್ಪ ಹಾಸಿಗೆ ಹಿಡಿದಾಗ ಅವನ ಮಗ್ಗುಲು ಬದಲಿಸಿದವಳು, ತಾನು ಸೋತ ಕೇಸುಗಳ ಸಂಜೆ ಕೇಳದೆಯೇ ಉಪ್ಪಿಟ್ಟು ಮಾಡಿದವಳು. ಅದೆಲ್ಲ ಏನಾಗಿತ್ತು ಹಾಗಾದರೆ? ಮನೆಯವರ ಮಾನ ಕಾಯಲು ನಿಂತವಳು ನಿಂತೇ ಇದ್ದಳೇ, ಇಷ್ಟೂ ವರ್ಷ?

ಡಾಂಬರು ಮುಗಿದು ಮಣ್ಣಿನ ದಾರಿಯಲ್ಲಿ ಕಾರಿನ ಹೊಟ್ಟೆಗೆ ಕಲ್ಲು ಬಡಿಯುತ್ತಿತ್ತು. ಬಳ್ಳಾರಿ ಜಾಲಿಯ ಪೊದೆಗಳ ನಡುವೆ ಆ ಕಲ್ಲಿನ ಗೋಡೆಗಳು ಕಂಡಾಗ ಅವನು ಇದಲ್ಲವೆಂದೇ ಅಂದುಕೊಂಡ. ಇಷ್ಟು ಸಣ್ಣದಿತ್ತೇ? ಬ್ರಾಡ್‌ಗೇಜಿನ ದೊಡ್ಡ ಹಳಿ ಹಾಕುವಾಗ ದಾರಿ ನೆಟ್ಟಗೆ ಮಾಡಿದರು, ಹೊಸ ಹಳಿ ಆಚೆ ದೂರದಲ್ಲಿ ಹಾದುಹೋಯಿತು; ಕರಿಹಾಳ ರೋಡಿನ ಮುಂದೆ ಹಳಿಯೇ ಇಲ್ಲದಾಯಿತು. ಹೊಸ ಹಳಿಯ ದಂಡೆಗೆ ಕೆಲ ಕಾಲ ಒಂದು ತಗಡಿನ ನೆರಳು ಮಾಡಿ ಪ್ಯಾಸೆಂಜರ್ ನಿಲ್ಲಿಸಿದ್ದರಂತೆ, ಇಳಿಯುವವರಿಲ್ಲವೆಂದು ಅದನ್ನೂ ತೆಗೆದರು. ಎಂಜಿನ್ನುಗಳಿಗೆ ನೀರು ಬೇಡವಾಯಿತು. ನಿಂಬೆಹಣ್ಣು ಲಾರಿ ಹತ್ತಿತು. ಕನ್ಯೆಯರ ಫೋಟೋ ಮೊಬೈಲಿಗೆ ಬಂದಮೇಲೆ ಕೊಡ ಹಿಡಿದು ನಿಲ್ಲುವುದೆಲ್ಲಿಯದು? ಮಾಡಿನ ಕಟ್ಟಿಗೆಯನ್ನು ಯಾರೋ ಒಯ್ದಿದ್ದರು. ಟಿಕೆಟ್ ಕೊಡುತ್ತಿದ್ದ ಕಿಂಡಿಯ ಕೆಳಗೆ ಆಡಿನ ಹಿಕ್ಕೆ ಬಿದ್ದಿತ್ತು. ಹೆಂಗಸರ ಖೋಲಿಗೆ ಬಾಗಿಲೂ ಇರಲಿಲ್ಲ, ಚಿಲಕವೂ ಇರಲಿಲ್ಲ.

ವಿದ್ಯಾವತಿ ಉಡಿಯ ಗಂಟನ್ನು ಸೀಟಿನ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು, ಮುಳ್ಳು ತಪ್ಪಿಸುತ್ತ ಅವನಿಗಿಂತ ಮುಂದೆ ನಡೆದಳು. ಅವನು ಹಿಂದೆ ಉಳಿದು, ಡಬ್ಬಿಯ ಕಿಟಕಿ ಎಲ್ಲಿತ್ತೆಂದು ಅಂದಾಜು ಮಾಡಿ, ಹಳಿಯಿಲ್ಲದ ಜಲ್ಲಿಯ ಮೇಲೆ ನಿಂತುಕೊಂಡ. ಕೇಳಬೇಕು. ಮೊದಲು ಸುಲಭದ್ದು, ಆಮೇಲೆ ಬಿಗಿ. ಹಾಗೆಯೇ ಅಲ್ಲವೇ ಸಾಕ್ಷಿಯನ್ನು ಕೇಳುವುದು.

"ಇಲ್ಲೇ ಅಲ್ಲೇನು ನಲ್ಲಿ ಇದ್ದದ್ದು?"

"ಅಲ್ಲರಿ. ಆ ಹುಣಸಿ ಗಿಡದ ಕಡೆ. ನೀವು ಪ್ರತಿ ಸಲಾನೂ ತಪ್ಪ ಹೇಳ್ತೀರಿ."

"ಮತ್ತ ಒಂದು ಸಲರೆ ಹೇಳಬೇಕಿಲ್ಲ?"

"ಛಲೋ ಹೇಳಾಕತ್ತಿರ್ತೀರಿ, ನಡುವ ಯಾಕ ಬಾಯಿ ಹಾಕೂದಂತ ಬಿಟ್ಟೆ."

ಅವನ ತಯಾರಿಯೆಲ್ಲ ಅಲ್ಲಿಗೇ ಕುಸಿಯಿತು. ಬಿಸಿಲು ನೆತ್ತಿಗೆ ಬಡಿಯುತ್ತಿತ್ತು. "ದೊಡ್ಡವ್ವ ಅಂದದ್ದು ಖರೇನ?" ಎಂದುಬಿಟ್ಟ.

"ಖರೇರಿ" ಎಂದಳು ವಿದ್ಯಾವತಿ. ಒಲೆಯ ಮೇಲೆ ಹಾಲಿದೆಯೇ ಎಂದರೆ ಹೇಳುವ ದನಿಯಲ್ಲೇ ಹೇಳಿದಳು.

"ನನಗ್ಯಾಕ ಹೇಳಲಿಲ್ಲ ನೀ?"

"ಯಾವಾಗ ಹೇಳ್ಲಿ? ಹೊಸದಾಗಿ ಮದಿವ್ಯಾದಾಗ ಹೇಳಿದ್ರ ನಿಮ್ಮವ್ವ ನನ್ನನ್ನ ತವರಮನಿಗೆ ಕಳಿಸಿಬಿಡ್ತಿದ್ರು. ಕೂಸು ಹುಟ್ಟಿದ ಮ್ಯಾಲ ಹೇಳಬೇಕಂತ ಮಾಡಿದ್ದೆ. ಅಷ್ಟೊತ್ತಿಗೆ ನೀವು ಕಥಿ ಸುರು ಮಾಡಿದ್ರಿ. ನಾ ನೋಡಿದೆ, ನಾ ಗುರ್ತ ಹಿಡದೆ ಅಂತ. ಅದನ್ನ ಹೇಳೂ ಮುಂದ ನಿಮ್ಮ ಮಾರಿ ಹ್ಯಾಂಗ ಆಗ್ತೈತಿ ನಿಮಗ ಗೊತ್ತಿಲ್ಲ. ಹ್ಯಾಂಗ ಹೇಳ್ಲಿ?"

"ಎಲ್ಲಾರೂ ಒಳಗ ನಗತಿದ್ರಲ್ಲ ಹಂಗಾದ್ರ."

"ಯಾರೂ ನಕ್ಕಿಲ್ರಿ" ಎಂದಳು, ಮೊದಲ ಸಲ ದನಿ ಏರಿಸಿ. "ನಮ್ಮ ದೊಡ್ಡಪ್ಪ ಸಾಯೂತನಕ ಎಲ್ಲಾರಿಗೂ ಬಜಾಯಿಸಿ ಹೇಳ್ಯಾನ, ಅಳಿಯಾರು ಹೇಳೂದು ಚಂದ ಐತಿ, ಹಂಗ ಇರಲಿ ಅಂತ."

ಬಸಂತರಾಯ ದೊಡ್ಡಪ್ಪ, ವಿಜಿಯ ಅಪ್ಪ, ಕಥೆ ಮುಗಿದಾಗಲೆಲ್ಲ ಅನೀಲಕುಮಾರನ ಭುಜ ತಟ್ಟುತ್ತಿದ್ದ ಮನುಷ್ಯ. ಇನ್ನು ಸುತ್ತಿ ಬಳಸುವುದೇನಿತ್ತು? "ನಿನ್ನ ಮ್ಯಾಲ ಜುಲುಮಿ ಮಾಡಿ ಕೊಟ್ರೇನು?" ಎಂದು ಕೇಳಿದ. ಕೇಳಿದ ಮೇಲೆ ಅವಳ ಮುಖ ನೋಡಲಾರದೆ ಜಾಲಿಯ ಕಡೆ ತಿರುಗಿದ.

"ಇಲ್ಲ ಬಿಡ್ರಿ. ಅಂದ ಸಂಜಿಕ ದೊಡ್ಡಪ್ಪ ನನ್ನನ್ನ ಬದಿಗಿ ಕರದ. 'ತಂಗಿ, ಅವರು ಎರಡನೇ ಚಹಾ ಕುಡದಾರ. ನೀ ಒಲ್ಲೆ ಅಂದ್ರ ನಾಳೆ ಹೋಗಿ ತಪ್ಪಾಗೈತ್ರಿ ಅಂತ ಕೈ ಮುಗದ ಬರ್ತೇನಿ, ನನ್ನ ಮಾನದ ಚಿಂತಿ ನೀ ಮಾಡಬ್ಯಾಡ' ಅಂದ. ನಮ್ಮನ್ಯಾಗ ನನ್ನನ್ನ ಒಬ್ರು ಏನರೆ ಕೇಳಿದ್ದ ಅದ ಮೊದಲ. ನಾನ ಆಗಲಿ ಅಂದೆ."

"ನೀನ ಅಂದಿ?"

"ನಾನ."

ಒಳಗೆ ಏನೋ ಸಡಿಲವಾಗಿ, ಅವನಿಗೆ ಆ ಮುರುಕು ಗೋಡೆಗಳ ನಡುವೆ ಕುಣಿಯಬೇಕೆನ್ನಿಸಿತು. ನೀನೇ ಅಂದೆ! ಇಡೀ ಸಾಲೋಟಗಿ ನಗಲಿ ಬೇಕಾದರೆ. ಇಷ್ಟಕ್ಕೇ ಕಾರು ಹತ್ತಿ ಹೋಗಿಬಿಟ್ಟಿದ್ದರೆ ಅವನ ಬಾಳು ನೆಮ್ಮದಿಯಾಗಿರುತ್ತಿತ್ತು. ಆದರೆ ಗೆದ್ದ ಸಾಕ್ಷಿಗೆ ಇನ್ನೊಂದು ಪ್ರಶ್ನೆ ಕೇಳುವ ಚಟ ವಕೀಲರನ್ನು ಬಿಡುವುದಿಲ್ಲ. "ಯಾಕ ಆಗಲಿ ಅಂದಿ?" ಎಂದ, ಹೊಗಳಿಸಿಕೊಳ್ಳುವ ಆಸೆಯಿಂದಲೇ.

ವಿದ್ಯಾವತಿ ಸೆರಗು ಬಾಯಿಗೆ ಒತ್ತಿಕೊಂಡಳು. ಈ ವಯಸ್ಸಿನಲ್ಲೂ ಅವಳಿಗೆ ಹಾಗೆ ನಾಚಿಕೆ ಬರುತ್ತದೆಂದು ಅವನಿಗೆ ತಿಳಿದಿರಲಿಲ್ಲ. "ನಗತೀರಿ ನೀವು."

"ಇಲ್ಲ, ಹೇಳು."

"ಗಾಡಿ ಬಿಟ್ಟಿತ್ತರಿ. ಬಂದಗಿಸಾಬನ ಗಲಾಸ ನಿಮ್ಮ ಹಂತ್ಯಾಕ ಉಳದಿತ್ತು. ಮಂದಿ ಎಲ್ಲಾ ಅದನ್ನ ಹಂಗ ಒಯ್ದಬಿಡೂದು, ಅಂವ ಪಾಪ ಗಾಡಿ ಹಿಂದ ಒದರ್ಕೋತ ಓಡೂದು, ದಿನಾ ಅದ. ನೀವು ಓಡೂ ಗಾಡ್ಯಾಗಿಂದ ಜಿಗದ್ರಿ. ಓಡಿ ಬಂದು ಗಲಾಸ ಅವನ ಕೈಯಾಗ ಕೊಟ್ಟು, ಮತ್ತ ಓಡಿ ಹೋಗಿ ಹತ್ತಿದ್ರಿ. ಒಂದು ಚಪ್ಪಲಿ ಇಲ್ಲೇ ಬಿತ್ತು. ಮಾರಿ ನಾ ಎಲ್ಲಿ ನೋಡ್ಲಿ, ಬಿಳಿ ಅಂಗೀದು ಬೆನ್ನಷ್ಟ ಕಂಡಿತು. ಎಲ್ಲಾರೂ ಬಿದ್ದು ಬಿದ್ದು ನಕ್ರು. ನನಗ ನಗಿ ಬರಲಿಲ್ಲರಿ. ಚಹಾ ಮಾರಾವನ ಒಂದು ಗಲಾಸಿಗೆ ಇಷ್ಟು ಮರಗಾಂವ ಮನಿಗೆ ಬಂದಾಕಿನ್ನ ನಡುನೀರಾಗ ಕೈ ಬಿಡೂದಿಲ್ಲ ಅನಸ್ತು. ಅದಕ್ಕ ಆಗಲಿ ಅಂದೆ."

ಅನೀಲಕುಮಾರನಿಗೆ ನೆನಪಿನಲ್ಲಿ ಜುಲ್ಫಿಕರ ಕಂಡ. ಕಾಲೇಜಿನಿಂದಲೂ ಜೊತೆಗಾರ, ಈಗ ಸಿಂದಗಿಯಲ್ಲಿ ಟೈರಿನ ಅಂಗಡಿ ಇಟ್ಟುಕೊಂಡು ಮೊಣಕಾಲು ನೋವೆಂದು ಒರಲುವ ಜುಲ್ಫಿಕರ. ಕನ್ಯೆ ನೋಡಲು ಹೋಗುವಾಗ ಧೈರ್ಯಕ್ಕಿರಲೆಂದು ಅವನನ್ನೂ ಕರಕೊಂಡಿದ್ದ. ಇಬ್ಬರೂ ಒಂದೇ ತಾನಿನ ಬಿಳಿ ಅರಿವೆಯಲ್ಲಿ ಅಂಗಿ ಹೊಲಿಸಿಕೊಂಡಿದ್ದರು. ಗಾಡಿ ಜಗ್ಗಿದಾಗ ಗ್ಲಾಸು ಇದ್ದದ್ದು ತನ್ನದೇ ಕೈಯಲ್ಲಿ. ಆ ಗ್ಲಾಸನ್ನು ತಾನು ಸೀಟಿನ ಕೆಳಗೆ ನೂಕಿದ್ದು, ಸೋದರಮಾವ ನಕ್ಕದ್ದು, ಜುಲ್ಫಿಕರ ಬಗ್ಗಿ ಅದನ್ನು ಎತ್ತಿಕೊಂಡದ್ದು, "ಬಿಡೋ ಮಾರಾಯ, ಒಂದು ಗಲಾಸ ಹೋದ್ರ ಅಂವೇನು ಸಾಯ್ತಾನ?" ಎಂದು ತಾನೇ ಅಂದದ್ದು, ಎಲ್ಲ ನಿನ್ನೆಯದರಂತೆ ಎದುರಿಗೆ ಬಂತು. ಅಷ್ಟರಲ್ಲಿ ಜುಲ್ಫಿಕರ ಜಿಗಿದಾಗಿತ್ತು. ಸೊಲ್ಲಾಪುರದ ಬಜಾರಿನಲ್ಲಿ ಇಡೀ ದಿನ ಒಂದೇ ಚಪ್ಪಲಿಯಲ್ಲಿ ಕುಂಟಿದನೆಂದು ಅವನನ್ನು ಎಷ್ಟು ಗೇಲಿ ಮಾಡಿರಲಿಲ್ಲ! ಆಮೇಲೆ ಅದು ಮರೆತೇಹೋಗಿತ್ತು. ಕಥೆಯಲ್ಲಿ ಅದಕ್ಕೆ ಜಾಗವೆಲ್ಲಿತ್ತು, ಕಥೆ ತನ್ನದಾಗಿತ್ತು.

ವಿದ್ಯಾವತಿ ಹುಣಸೆ ಮರದ ನೆರಳಿನಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಹೇಳಬೇಕು, ಅದು ನಾನಲ್ಲ. ಎರಡೇ ಪದ. ಸುಳ್ಳು ಸಾಕ್ಷಿ ಹೇಳಿದವರನ್ನು ಜೀವಮಾನವಿಡೀ ಜರಿದ ಬಾಯಿ. ತನ್ನ ಪಾಲಿಗೆ ಬಂದ ಬಾಳೆಲ್ಲ ಇನ್ನೊಬ್ಬನ ಒಂದು ಓಟದ ಮೇಲೆ ನಿಂತಿತ್ತೆಂದು, ನೀನು ನಂಬಿ ಬಂದ ಮನುಷ್ಯ ಆ ಗ್ಲಾಸನ್ನು ಸೀಟಿನ ಕೆಳಗೆ ನೂಕಿದವನೆಂದು ಹೇಳಿಬಿಡಬೇಕು. ಹೇಳಿದರೆ ಅವಳಿಗೆ ಉಳಿಯುವುದೇನು? ಅವನು ಬಾಯಿ ತೆರೆದ. ನಾಚಿಕೆ, ಹೊಟ್ಟೆಕಿಚ್ಚು, ಅವಳ ಮೇಲೆ ಹೇಳಲಾರದಷ್ಟು ಮಮತೆ ಎಲ್ಲ ಒಟ್ಟಿಗೆ ನುಗ್ಗಿ ಅವನಿಗೆ ಅಳು ಬಂದಂತಾಯಿತು.

"ಒಂದು ಕೇಳ್ತೇನಿ" ಎಂದಳು ವಿದ್ಯಾವತಿ. "ಇಷ್ಟು ಸಲ ಕಥಿ ಹೇಳಿದ್ರಿ, ಒಂದು ಸಲಾನೂ ಆ ಗಲಾಸಿನ ಸುದ್ದಿ ಹೇಳಲಿಲ್ಲ. ಈ ಸಲ ಹೇಳ್ತಾರ, ಈ ಸಲ ಹೇಳ್ತಾರ ಅಂತ ನಾ ಬಾಗಿಲದಾಗ ನಿಂತು ಕಾಯ್ತಿದ್ದೆ. ಯಾಕ ಹೇಳಲಿಲ್ರಿ?"

ಅನೀಲಕುಮಾರ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಮಾಡಿದ್ದನ್ನ ನಾವ ಹೇಳ್ಕೊಂಡ್ರ ಚಂದ ಕಾಣ್ತೈತೇನ?" ಎಂದ.

"ಹಂಗ ಅನ್ಕೊಂಡಿದ್ದೆ ನಾನು" ಎಂದು ಅವಳು ತೃಪ್ತಿಯಿಂದ ತಲೆಯಾಡಿಸಿ, ಮುಳ್ಳು ತಪ್ಪಿಸುತ್ತ ಕಾರಿನ ಕಡೆ ಹೊರಟಳು. ಅವನು ಮುಂದೆ ಹೋಗಿ ಬಾಗಿಲು ತೆರೆದು ಹಿಡಿದ. ಅವಳು ಕೂತು, ಉಡಿಯ ಗಂಟನ್ನು ತೊಡೆಗೆ ಎತ್ತಿಕೊಳ್ಳುವವರೆಗೂ ಅವಳ ಮುಖ ನೋಡಲಿಲ್ಲ.